ಹನ್ನೆರಡು ಟ್ರಾಲಿ ಎರಡಾಗಬಾರದು: ಜೀಪಿನ ರೇಡಿಯೋ ರಿಪೀಟರ್‌ಗೆ ಹೆಚ್ಚುವರಿ ಸೌಲಭ್ಯ ಜೋಡಿಸುವ ಸಮಗ್ರ ಮಾರ್ಗದರ್ಶಿ

ಎರಡು ಹಂಗಾಮಿನ ಹಿಂದಿನ ಮಾತು. ಮುಧೋಳದ ಹತ್ತಿರ, ಘಟಪ್ರಭಾ ದಂಡೆಯ ಒಂದು ಹೊಲದಲ್ಲಿ ಕಬ್ಬು ಕಡಿಯುತ್ತಿದ್ದರು. ಫೀಲ್ಡ್‌ಮನ್ ವಾಕಿಟಾಕಿ ಎತ್ತಿ "ಹನ್ನೆರಡು ಟ್ರಾಲಿ ಕಳಸ್ರಿ" ಅಂದ. ಕಾರ್ಖಾನೆಯ ಯಾರ್ಡಿನಲ್ಲಿ ಕೇಳಿದ್ದು "ಎರಡು ಟ್ರಾಲಿ ಕಳಸ್ರಿ". ಎರಡೇ ಬಂದವು. ಉಳಿದ ಕಬ್ಬು ರಾತ್ರಿಯಿಡೀ ಹೊಲದಲ್ಲೇ ಬಿದ್ದಿತ್ತು. ಕಡಿದ ಕಬ್ಬು ಬಿದ್ದಷ್ಟು ಹೊತ್ತು ತೂಕ ಕಳೆದುಕೊಳ್ಳುತ್ತದೆ, ಸಕ್ಕರೆ ಅಂಶವೂ ಇಳಿಯುತ್ತದೆ. ಮರುದಿನ ರೈತ ಬೈದದ್ದು ಫೀಲ್ಡ್‌ಮನ್‌ಗೆ. ಪಾಪ, ಅವನು ಸರಿಯಾಗಿಯೇ ಹೇಳಿದ್ದ. "ಹನ್" ಅನ್ನುವ ಒಂದು ಉಚ್ಚಾರವನ್ನು ನುಂಗಿದ್ದು ಜೀಪಿನ ರಿಪೀಟರ್, ಅಂದರೆ ವಾಕಿಯ ಮಾತನ್ನು ಹಿಡಿದು ಕಾರ್ಖಾನೆಗೆ ದಾಟಿಸುವ ಡಬ್ಬಿ. ನುಂಗುವ ಹಾಗೆ ಸೆಟ್ ಮಾಡಿಟ್ಟವನು ನಾನು.

ಆವತ್ತಿನಿಂದ ಒಂದು ಪದ್ಧತಿ ಹಾಕಿಕೊಂಡಿದ್ದೇನೆ. ಹೆಚ್ಚುವರಿ ಸೌಲಭ್ಯ ಒಂದು ಹಾಕುವುದು, ಒಂದು ದಿನ ಹೊಲದಲ್ಲಿ ಓಡಿಸುವುದು, ಆಮೇಲೆ ಇನ್ನೊಂದು. ಮೆನುವಿನಲ್ಲಿ ಇದೆ ಅಂತ ಸುಮ್ನೆ ಆನ್ ಮಾಡುವುದಿಲ್ಲ. ಕೆಳಗಿನದ್ದೆಲ್ಲ ಇದೇ ಕ್ರಮದಲ್ಲಿದೆ.

ಈ ಡಬ್ಬಿ ಏನು ಮಾಡುತ್ತದೆ

ಫೀಲ್ಡ್‌ಮನ್ ಕೈಯಲ್ಲಿರುವ ವಾಕಿಯ ಶಕ್ತಿ 4-5 ವ್ಯಾಟ್. ಆಳೆತ್ತರ ಮೀರಿದ ಕಬ್ಬಿನ ನಡುವೆ ನಿಂತರೆ, ಅದರಲ್ಲೂ ಹೊಳೆ ದಂಡೆಯ ತಗ್ಗಿನಲ್ಲಿ ನಿಂತರೆ, ಆ ಸಿಗ್ನಲ್ ಕಾರ್ಖಾನೆ ಮುಟ್ಟುವುದಿಲ್ಲ. ಹಸಿ ಎಲೆಯಲ್ಲಿರುವ ನೀರು ಅದನ್ನು ಹೀರಿಕೊಳ್ಳುತ್ತದೆ. ಆದರೆ ಹೊಲದ ಬದುವಿನಲ್ಲಿ ನಿಂತ ಜೀಪಿನ ತನಕ ಹೇಗೂ ಮುಟ್ಟುತ್ತದೆ. ಜೀಪಿನಲ್ಲಿರುವ ಸಣ್ಣ ರಿಪೀಟರ್ ಅದನ್ನು ಹಿಡಿದು, ಪಕ್ಕದ 25 ಅಥವಾ 50 ವ್ಯಾಟಿನ ರೇಡಿಯೋಗೆ ಕೊಡುತ್ತದೆ. ಆ ರೇಡಿಯೋ ಚಾವಣಿಯ ಆಂಟೆನಾದಿಂದ ಕಾರ್ಖಾನೆಗೆ ತಲುಪಿಸುತ್ತದೆ. ಬೇಸ್, ಅಂದರೆ ಕಾರ್ಖಾನೆಯ ರೇಡಿಯೋ, ಮಾತಾಡಿದಾಗ ಇದೇ ದಾರಿ ಉಲ್ಟಾ.

ಈ ದೊಡ್ಡ ರೇಡಿಯೋಗೆ ಪುಸ್ತಕಗಳಲ್ಲಿ ಮೊಬೈಲ್ ಅನ್ನುತ್ತಾರೆ. ಹಾಗೆಂದರೆ ಎಲ್ಲರೂ ಫೋನ್ ನೋಡುತ್ತಾರೆ. ಅದಕ್ಕೆ ಗಾಡಿ ಸೆಟ್ ಅನ್ನುತ್ತೇನೆ.

ನಾನು ಇಲ್ಲಿ ಹೇಳುವುದು ಗಾಡಿ ಸೆಟ್ ವಿಎಚ್‌ಎಫ್, ವಾಕಿ ಯುಎಚ್‌ಎಫ್ ಇರುವ ಜೋಡಣೆ. ಇವು ರೇಡಿಯೋ ಅಲೆಗಳ ಎರಡು ಬ್ಯಾಂಡು, ಮೊದಲನೆಯದು ಕೆಳಗಿನದು, ಎರಡನೆಯದು ಮೇಲಿನದು. ಎರಡೂ ಒಂದೇ ಬ್ಯಾಂಡಿನಲ್ಲಿದ್ದರೆ ಒಂದು ಮಾತಾಡುವಾಗ ಇನ್ನೊಂದರ ಕಿವಿ ಕಿವುಡಾಗುತ್ತದೆ. ಅದನ್ನು ತಡೆಯಲು ಕ್ಯಾವಿಟಿ ಫಿಲ್ಟರ್ ಬೇಕು, ಅದನ್ನು ಟ್ಯೂನ್ ಮಾಡುವ ಉಪಕರಣ ಬೇಕು. ಮನೆಯಂಗಳದಲ್ಲಿ ಆಗುವ ಕೆಲಸ ಅಲ್ಲ ಅದು.

ಬೇರೆ ಬ್ಯಾಂಡ್ ಆದರೂ ಒಂದು ಲೆಕ್ಕ ಹಾಕಿಕೊಳ್ಳಿ. ವಿಎಚ್‌ಎಫ್ ಫ್ರೀಕ್ವೆನ್ಸಿಯ ಮೂರು ಪಟ್ಟು ಸಾಮಾನ್ಯವಾಗಿ ಯುಎಚ್‌ಎಫ್‌ನಲ್ಲಿ ಬಂದು ಬೀಳುತ್ತದೆ. 155 ಮೆಗಾಹರ್ಟ್ಸ್‌ನ ಮೂರು ಪಟ್ಟು 465. ವಾಕಿಯ ಚಾನೆಲ್ 465ರ ಆಸುಪಾಸಿನಲ್ಲಿದ್ದರೆ ಗಾಡಿ ಸೆಟ್ ಮಾತಾಡಿದಾಗಲೆಲ್ಲ ರಿಪೀಟರ್ ಕಿವುಡು. ಹವ್ಯಾಸಿ ರೇಡಿಯೋದವರಿಗೆ ಇದು ಇನ್ನೂ ಹತ್ತಿರದ ತಲೆನೋವು. ನಮ್ಮ ದೇಶದಲ್ಲಿ ಅವರಿಗಿರುವುದು 144-146 ಮತ್ತು 434-438. 145ರ ಮೂರು ಪಟ್ಟು ಸರಿಯಾಗಿ 435.

ಲೈಸೆನ್ಸ್ ವಿಷಯ ಚುಟುಕಾಗಿ ಹೇಳಿ ಮುಗಿಸುತ್ತೇನೆ. ಫ್ರೀಕ್ವೆನ್ಸಿ ಕೊಡುವುದು ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ (ವೈರ್‌ಲೆಸ್ ಯೋಜನೆ ಮತ್ತು ಸಮನ್ವಯ) ವಿಭಾಗ. ಕಾರ್ಖಾನೆಯ ಕಾಗದದಲ್ಲಿ ಬೇಸಿನ ಫ್ರೀಕ್ವೆನ್ಸಿ ಇದ್ದರೆ ಸಾಲದು. ಜೀಪು ಮತ್ತು ವಾಕಿಯ ನಡುವಿನ ಯುಎಚ್‌ಎಫ್ ಫ್ರೀಕ್ವೆನ್ಸಿಗೂ ಪರವಾನಗಿ ಇರಬೇಕು. ಅದು ಇಲ್ಲದಿದ್ದರೆ ಸ್ಕ್ರೂ ಡ್ರೈವರ್ ಕೆಳಗಿಡಿ. ಹವ್ಯಾಸಿಗಳೂ ರಿಪೀಟರ್ ಹಚ್ಚುವ ಮುಂಚೆ ತಮ್ಮ ಲೈಸೆನ್ಸಿನ ಷರತ್ತು ಓದಿಕೊಳ್ಳಿ.

ಮೊದಲು ಕರೆಂಟು

ಹೆಚ್ಚುವರಿ ಸೌಲಭ್ಯ ಕೆಟ್ಟಿದೆ ಅಂತ ನನ್ನ ಹತ್ತಿರ ಬರುವ ಜೀಪುಗಳಲ್ಲಿ ಜಾಸ್ತಿ ಕೆಟ್ಟಿರುವುದು ಕರೆಂಟಿನ ವೈರು. ಹಾಗಾಗಿ ಇಲ್ಲಿಂದಲೇ ಶುರು ಮಾಡೋಣ.

1. ಗಾಡಿ 12 ವೋಲ್ಟೋ 24 ವೋಲ್ಟೋ ಮೀಟರ್ ಹಚ್ಚಿ ನೋಡಿ. ಜೀಪು 12, ದೊಡ್ಡ ಲಾರಿ 24. ಲಾರಿಯಾದರೆ ಕನ್ವರ್ಟರ್ ಬೇಕೇ ಬೇಕು. ಎರಡು ಬ್ಯಾಟರಿಯಲ್ಲಿ ಒಂದರಿಂದ ಮಾತ್ರ 12 ವೋಲ್ಟ್ ಕದಿಯಬೇಡಿ. ಆ ಬ್ಯಾಟರಿ ಬೇಗ ಸಾಯುತ್ತದೆ.

2. ಪಾಸಿಟಿವ್ ವೈರನ್ನು ನೇರ ಬ್ಯಾಟರಿಯಿಂದ ತನ್ನಿ. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ, ಒಂದು ಗೇಣಿನೊಳಗೆ. ಫ್ಯೂಸನ್ನು ಸೀಟಿನ ಹತ್ತಿರ ಹಾಕಿದರೆ, ನಡುವಿನ ವೈರು ಎಂಜಿನ್ ಕೋಣೆಯ ತಗಡಿಗೆ ಉಜ್ಜಿ ಶಾರ್ಟ್ ಆದಾಗ ಅದನ್ನು ಕಾಯುವವರು ಯಾರೂ ಇರುವುದಿಲ್ಲ. ತಗಡು ದಾಟುವಲ್ಲಿ ರಬ್ಬರ್ ಗ್ರಾಮೆಟ್ ಹಾಕಿ.

3. ವೈರಿನ ದಪ್ಪ. 25 ವ್ಯಾಟ್ ಸೆಟ್ ಮಾತಾಡುವಾಗ 6-7 ಆಂಪಿಯರ್ ಎಳೆಯುತ್ತದೆ. 50 ವ್ಯಾಟಿನದ್ದು 11-12. ಹೋಗಿ ಬರಲು ಒಟ್ಟು 10 ಮೀಟರ್ ವೈರು ಅಂದುಕೊಳ್ಳಿ. 2.5 ಚದರ ಮಿಲಿಮೀಟರ್ ತಾಮ್ರದ ವೈರಿನಲ್ಲಿ 12 ಆಂಪಿಯರ್ ಹರಿದರೆ ಸುಮಾರು 0.9 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. 6 ಚದರ ಮಿಲಿಮೀಟರ್ ಹಾಕಿದರೆ 0.4ಕ್ಕಿಂತ ಕಡಿಮೆ. ಎಂಜಿನ್ ಬಂದ್ ಇದ್ದಾಗ ಈ ಅರ್ಧ ವೋಲ್ಟಿಗೆ ಬಹಳ ಬೆಲೆ ಇದೆ.

4. ನೆಗೆಟಿವ್ ವೈರನ್ನು, ಬ್ಯಾಟರಿಯ ಅರ್ಥ್ ಪಟ್ಟಿ ಬಾಡಿಗೆ ಕೂಡುವ ಬೋಲ್ಟಿಗೇ ಕೊಡಿ. ಬಣ್ಣ ಕೆರೆದು, ಲಗ್ ಒತ್ತಿ, ಬಿಗಿಯಾಗಿ.

5. ರಿಪೀಟರಿಗೆ ಪ್ರತ್ಯೇಕ ಫ್ಯೂಸ್ ಇರಲಿ. ಸಣ್ಣ ರಿಪೀಟರಿಗೆ 3 ಅಥವಾ 5 ಆಂಪಿಯರ್ ಸಾಕು. ಅದರ ಜೊತೆ ಬಂದ ಮಾಹಿತಿ ಹಾಳೆಯಲ್ಲಿ ಏನಿದೆ ನೋಡಿ ಅದನ್ನೇ ಹಾಕಿ.

ಕಬ್ಬಿನ ಜೀಪು ಮುಂಜಾನೆಯಿಂದ ಸಂಜೆತನಕ ಎಂಜಿನ್ ಬಂದ್ ಮಾಡಿ ನಿಲ್ಲುತ್ತದೆ. ಎರಡೂ ಸೆಟ್ ಸುಮ್ಮನೆ ಕೇಳುತ್ತ ಕೂತರೆ ಸುಮಾರು 0.7 ಆಂಪಿಯರ್. 8 ತಾಸಿಗೆ 5.6 ಆಂಪಿಯರ್-ಅವರ್. 25 ವ್ಯಾಟ್ ಸೆಟ್ಟಿನಲ್ಲಿ ಹತ್ತರಲ್ಲಿ ಒಂದು ಪಾಲು ಹೊತ್ತು ಮಾತಾಡಿದರೆ ಅದರ ಮೇಲೆ ಅಷ್ಟೇ ಇನ್ನೊಮ್ಮೆ. ಒಟ್ಟು 12ರ ಆಸುಪಾಸು. ಒಳ್ಳೆಯ ಬ್ಯಾಟರಿ ತಡೆಯುತ್ತದೆ. ಐದು ವರ್ಷದ ಬ್ಯಾಟರಿ ತಡೆಯುವುದಿಲ್ಲ. ಸಂಜೆ ಜೀಪು ತಳ್ಳಲು ಕಬ್ಬು ಕಡಿಯುವ ಟೋಳಿಯ ಹುಡುಗರನ್ನು ಕರೆಯಬೇಕಾಗುತ್ತದೆ. ರಿಪೀಟರಿನಲ್ಲಿ ಲೋ-ಬ್ಯಾಟರಿ ಕಟ್ ಇದ್ದರೆ ನಾನು ಆನ್ ಮಾಡುವ ಮೊದಲ ಸೌಲಭ್ಯ ಅದೇ. 12.0 ವೋಲ್ಟಿಗೆ ಇಡಿ, ಜೊತೆಗೆ ಒಂದು ನಿಮಿಷದ ತಡ ಕೊಡಿ. ತಡ ಕೊಡದಿದ್ದರೆ ಮಾತಾಡಿದಾಗ ವೋಲ್ಟೇಜ್ ಕ್ಷಣ ಕುಸಿಯುತ್ತದಲ್ಲ, ಅಷ್ಟಕ್ಕೇ ಬಂದ್ ಆಗುತ್ತದೆ.

ಆಂಟೆನಾ

ಎರಡು ಆಂಟೆನಾ, ನಡುವೆ ಕನಿಷ್ಠ ಒಂದು ಮೀಟರ್. ಕಾಲು ತರಂಗದ ಕಡ್ಡಿ 155 ಮೆಗಾಹರ್ಟ್ಸ್‌ಗೆ ಸುಮಾರು 46 ಸೆಂಟಿಮೀಟರ್, 465ಕ್ಕೆ 15-16. ವಿಎಚ್‌ಎಫ್ ಕಡ್ಡಿ ಚಾವಣಿಯ ನಟ್ಟ ನಡುವೆ, ಯುಎಚ್‌ಎಫ್ ಹಿಂದಿನ ಅಂಚಿನಲ್ಲಿ. ಚಾವಣಿಗೆ ತಗಡು ಇದ್ದರೆ ಅದೇ ಆಂಟೆನಾಗೆ ಬೇಕಾದ ನೆಲದ (ಗ್ರೌಂಡ್) ಕೆಲಸ ಮಾಡುತ್ತದೆ. ಕ್ಯಾನ್ವಾಸ್ ಹುಡ್ಡಿನ ಹಳೇ ಜೀಪಾದರೆ ಬಾನೆಟ್ಟಿನ ಅಂಚೇ ಗತಿ. ಎಸ್‌ಡಬ್ಲ್ಯುಆರ್ (ಆಂಟೆನಾದಿಂದ ಶಕ್ತಿ ಎಷ್ಟು ವಾಪಸ್ ಬರುತ್ತದೆ ಅನ್ನುವ ಅಳತೆ) 1.5ರ ಕೆಳಗೆ ಬರುವ ತನಕ ಕಡ್ಡಿಯನ್ನು ಸ್ವಲ್ಪ ಸ್ವಲ್ಪವೇ ಕತ್ತರಿಸಿ. ಕತ್ತರಿಸಿದ್ದನ್ನು ಬೆಳೆಸಲು ಬರುವುದಿಲ್ಲ.

ಎರಡು ಡಬ್ಬಿಯ ನಡುವಿನ ಆರು ವೈರು

ಗಾಡಿ ಸೆಟ್ಟಿನ ಹಿಂದೆ ಒಂದು ಅಕ್ಸೆಸರಿ ಕನೆಕ್ಟರ್ ಇರುತ್ತದೆ. ಅದರ ಪಿನ್ ನಕ್ಷೆ ಮಾದರಿಯಿಂದ ಮಾದರಿಗೆ ಬೇರೆ. ನಿಮ್ಮ ಸೆಟ್ಟಿನ ನಕ್ಷೆ ಕೈಯಲ್ಲಿಲ್ಲದೆ ಒಂದು ಪಿನ್ನನ್ನೂ ಮುಟ್ಟಬೇಡಿ. ಬೇಕಾಗುವುದು ಇವಿಷ್ಟು:

- ಅರ್ಥ್
- ಸ್ವಿಚ್ ಆದ 12 ವೋಲ್ಟ್
- ಪಿಟಿಟಿ, ಅಂದರೆ ಗಾಡಿ ಸೆಟ್ಟನ್ನು ಮಾತಾಡಿಸುವ ವೈರು
- ಸಿಓಆರ್, ಅಂದರೆ ಬೇಸಿನಿಂದ ಸಿಗ್ನಲ್ ಬಂದಿದೆ ಅಂತ ಹೇಳುವ ವೈರು
- ಒಳಗೆ ಬಂದ ಧ್ವನಿ
- ಹೊರಗೆ ಹೋಗುವ ಧ್ವನಿ

ಧ್ವನಿಯ ಎರಡೂ ವೈರಿಗೆ ಶೀಲ್ಡ್ ಇರುವ ಕೇಬಲ್ ಬಳಸಿ. ಶೀಲ್ಡನ್ನು ಒಂದೇ ತುದಿಯಲ್ಲಿ ಅರ್ಥ್ ಮಾಡಿ. ಎರಡೂ ತುದಿಗೆ ಮಾಡಿದರೆ ಆಲ್ಟರ್ನೇಟರಿನ ಕೂಗು ಮಾತಿನ ಜೊತೆ ಕಾರ್ಖಾನೆಗೆ ಹೋಗುತ್ತದೆ. ಎಂಜಿನ್ ಏರಿಸಿದಂತೆ ಕೂಗೂ ಏರಿದರೆ ಮೊದಲು ಇದನ್ನೇ ನೋಡಿ.

ಸಿಓಆರ್ ವೈರು ಎಲ್ಲರನ್ನೂ ಒಮ್ಮೆ ಕುಣಿಸುತ್ತದೆ. ಕೆಲವು ಸೆಟ್ಟಿನಲ್ಲಿ ಸಿಗ್ನಲ್ ಬಂದಾಗ ಅದು ಮೇಲೇರುತ್ತದೆ, ಕೆಲವು ಸೆಟ್ಟಿನಲ್ಲಿ ಕೆಳಗಿಳಿಯುತ್ತದೆ. ಮೀಟರ್ ಹಚ್ಚಿ, ಬೇಸಿನವರಿಗೆ ಐದು ಸೆಕೆಂಡ್ ಒತ್ತಲು ಹೇಳಿ, ಎರಡೂ ಹೊತ್ತಿನ ವೋಲ್ಟೇಜ್ ಬರೆದುಕೊಳ್ಳಿ. ಎರಡೂ ಹೊತ್ತು ಒಂದೇ ತರ ಅಥವಾ ತೇಲಾಡುವ ಅಂಕಿ ಬಂದರೆ ಅದು ಓಪನ್ ಕಲೆಕ್ಟರ್ ಇರಬಹುದು, ಅಂದರೆ ಅರ್ಥ್ ಕಡೆ ಎಳೆಯುತ್ತದೆ, ತಾನಾಗಿ ವೋಲ್ಟೇಜ್ ಕೊಡುವುದಿಲ್ಲ. ಒಂದು 10 ಕಿಲೋ ಓಮ್ ರೆಸಿಸ್ಟರನ್ನು ಆ ಪಿನ್ನಿನಿಂದ 5 ವೋಲ್ಟಿಗೆ ಹಾಕಿ ಮತ್ತೆ ಅಳೆಯಿರಿ. ಈಗ ಸ್ಪಷ್ಟವಾಗುತ್ತದೆ. ಬಂದ ಉತ್ತರವನ್ನು ರಿಪೀಟರಿನ ಸಿಓಆರ್ ಪೊಲಾರಿಟಿ ಸೆಟ್ಟಿಂಗಿಗೆ ಹಾಕಿ. ಉಲ್ಟಾ ಹಾಕಿದರೆ ಗೊತ್ತಾಗದೇ ಇರುವುದಿಲ್ಲ: ಯಾರೂ ಮಾತಾಡದಿದ್ದಾಗ ರಿಪೀಟರ್ ತಾನೇ ಗೊರಗೊರ ಅಂತ ಕೂಗುತ್ತ ಕೂರುತ್ತದೆ.

ಧ್ವನಿಯ ಮಟ್ಟ

ಇದು ಆಗುವ ತನಕ ಯಾವ ಹೆಚ್ಚುವರಿ ಸೌಲಭ್ಯಕ್ಕೂ ಕೈ ಹಚ್ಚಬೇಡಿ.

ಗಾಡಿ ಸೆಟ್ಟಿನಿಂದ ಧ್ವನಿ ಎರಡು ರೂಪದಲ್ಲಿ ಸಿಗುತ್ತದೆ. ಒಂದು ಸ್ಪೀಕರಿಗೆ ಹೋಗುವ ತಿದ್ದಿದ ಧ್ವನಿ. ಇನ್ನೊಂದು ಡಿಸ್ಕ್ರಿಮಿನೇಟರಿನಿಂದ (ಸಿಗ್ನಲಿನಿಂದ ಧ್ವನಿ ಬಿಡಿಸುವ ಭಾಗ) ನೇರ ಬರುವ ಹಸಿ ಧ್ವನಿ, ಇದಕ್ಕೆ ಫ್ಲ್ಯಾಟ್ ಅನ್ನುತ್ತಾರೆ. ಹೊರಗೆ ಕೊಡಲೂ ಎರಡು ಬಾಗಿಲು: ಮೈಕಿನ ಬಾಗಿಲು ಮತ್ತು ಫ್ಲ್ಯಾಟ್ ಬಾಗಿಲು. ಫ್ಲ್ಯಾಟ್‌ನಿಂದ ತಂದದ್ದು ಫ್ಲ್ಯಾಟ್‌ಗೇ ಹೋಗಬೇಕು, ಸ್ಪೀಕರಿನದ್ದು ಮೈಕಿಗೆ. ಹಸಿ ಧ್ವನಿಯನ್ನು ಮೈಕಿಗೆ ಕೊಟ್ಟರೆ ತಗಡಿನ ಡಬ್ಬಿಯಲ್ಲಿ ಮಾತಾಡಿದ ಹಾಗೆ ಕೇಳುತ್ತದೆ. ಸ್ಪೀಕರಿನ ಧ್ವನಿಯನ್ನು ಫ್ಲ್ಯಾಟ್‌ಗೆ ಕೊಟ್ಟರೆ ಕೌದಿ ಹೊದ್ದು ಮಾತಾಡಿದ ಹಾಗೆ. ನಾನು ಸಾಧ್ಯವಾದ ಕಡೆಯೆಲ್ಲ ಫ್ಲ್ಯಾಟ್ ಆರಿಸುತ್ತೇನೆ. ಡ್ರೈವರ್ ವಾಲ್ಯೂಮ್ ತಿರುಗಿಸಿದರೂ ಅದು ಬದಲಾಗುವುದಿಲ್ಲ. ಒಂದೇ ಎಚ್ಚರ: ಹಸಿ ಧ್ವನಿಯಲ್ಲಿ ಬೇಸಿನ ಸಬ್‌ಟೋನ್ ಕೂಡ ಇರುತ್ತದೆ, ಅಂದರೆ ಮಾತಿನ ಕೆಳಗೆ ಸದ್ದಿಲ್ಲದೆ ಹೋಗುವ ಗುರುತಿನ ಟೋನ್. ರಿಪೀಟರಿನಲ್ಲಿ 300 ಹರ್ಟ್ಸ್‌ನ ಕೆಳಗಿನದ್ದನ್ನು ತಡೆಯುವ ಹೈಪಾಸ್ ಫಿಲ್ಟರ್ ಆನ್ ಇರಬೇಕು.

ಅಳತೆ ಹೀಗೆ. ಚಾನೆಲ್ ಅಗಲ 25 ಕಿಲೋಹರ್ಟ್ಸ್ ಆದರೆ ಡೀವಿಯೇಷನ್ (ಧ್ವನಿಗೆ ತಕ್ಕಂತೆ ಫ್ರೀಕ್ವೆನ್ಸಿ ಅತ್ತಿತ್ತ ಸರಿಯುವ ಪ್ರಮಾಣ) ಮಿತಿ 5 ಕಿಲೋಹರ್ಟ್ಸ್. 12.5 ಆದರೆ 2.5. ಒಂದು ಕಡೆಯಿಂದ 1000 ಹರ್ಟ್ಸ್ ಟೋನನ್ನು ಮಿತಿಯ ಶೇ. 60ಕ್ಕೆ, ಅಂದರೆ 3 ಅಥವಾ 1.5 ಕಿಲೋಹರ್ಟ್ಸ್‌ಗೆ ಕೊಡಿ. ಇನ್ನೊಂದು ಕಡೆ ಅಷ್ಟೇ ಬರುವ ಹಾಗೆ ರಿಪೀಟರಿನ ಲೆವೆಲ್ ತಿರುಗಿಸಿ. ಎರಡೂ ದಿಕ್ಕಿಗೆ ಬೇರೆ ಬೇರೆ ಮಾಡಬೇಕು. ಇದನ್ನು ಅಳೆಯುವ ಸರ್ವಿಸ್ ಮಾನಿಟರ್ ಇಲ್ಲದವರು ಲ್ಯಾಪ್‌ಟಾಪಿಗೆ ಎಸ್‌ಡಿಆರ್ ಡಾಂಗಲ್ (ಯುಎಸ್‌ಬಿ ರೇಡಿಯೋ ರಿಸೀವರ್) ಹಚ್ಚಿ, ನೇರ ಬಂದ ಸಿಗ್ನಲನ್ನೂ ರಿಪೀಟರ್ ದಾಟಿ ಬಂದದ್ದನ್ನೂ ಪಕ್ಕ ಪಕ್ಕ ಹೋಲಿಸಿ. ಅದೂ ಇಲ್ಲದಿದ್ದರೆ ಕಿವಿ. ಒಬ್ಬನೇ ಮನುಷ್ಯ, ಒಂದೇ ವಾಕ್ಯ, ಎರಡು ದಾರಿ. ಎರಡರ ನಡುವೆ ವ್ಯತ್ಯಾಸ ಹೇಳಲು ಬರದ ಹಾಗೆ ಆಗಬೇಕು.

ತಾನೇ ಆನ್ ಆಗುವ ಸೌಲಭ್ಯ

ಎಲ್ಲರೂ ಮೊದಲು ಕೇಳುವುದು ಇದನ್ನೇ. ಗಾಡಿ ಓಡುವಾಗ ರಿಪೀಟರ್ ಬಂದ್ ಇರಬೇಕು, ನಿಂತಾಗ ಆನ್ ಆಗಬೇಕು. ಪುಸ್ತಕದ ದಾರಿ ಹ್ಯಾಂಡ್‌ಬ್ರೇಕ್.

ಬಹಳಷ್ಟು ಗಾಡಿಗಳಲ್ಲಿ ಹ್ಯಾಂಡ್‌ಬ್ರೇಕ್ ಎಳೆದಾಗ ಅದರ ಸ್ವಿಚ್, ಡ್ಯಾಶ್‌ಬೋರ್ಡಿನ ಕೆಂಪು ದೀಪದ ವೈರನ್ನು ಅರ್ಥ್‌ಗೆ ಹಚ್ಚುತ್ತದೆ. ಬಿಟ್ಟಾಗ ಆ ವೈರಿನಲ್ಲಿ ದೀಪದ ಮೂಲಕ ಬಂದ 12 ವೋಲ್ಟ್ ನಿಂತಿರುತ್ತದೆ. ರಿಪೀಟರಿನ ಇನ್‌ಪುಟ್ 5 ವೋಲ್ಟಿನದ್ದು. ನೇರ ಹಚ್ಚಿದರೆ ಇನ್‌ಪುಟ್ ಸುಡುತ್ತದೆ. ನಡುವೆ ಒಂದು ಡಯೋಡ್ ಹಾಕಿ, 1ಎನ್4148 ಸಾಕು. ಪಟ್ಟಿ ಇರುವ ತುದಿ ಹ್ಯಾಂಡ್‌ಬ್ರೇಕ್ ಕಡೆ, ಇನ್ನೊಂದು ತುದಿ ರಿಪೀಟರ್ ಕಡೆ. ಎಳೆದಾಗ ಇನ್‌ಪುಟ್ ಸುಮಾರು 0.6 ವೋಲ್ಟಿಗೆ ಇಳಿಯುತ್ತದೆ, ರಿಪೀಟರ್ ಆನ್. ಬಿಟ್ಟಾಗ 12 ವೋಲ್ಟ್ ಹಿಂದೆ ಬರದ ಹಾಗೆ ಡಯೋಡ್ ಬಾಗಿಲು ಹಾಕುತ್ತದೆ. ಸೆಟ್ಟಿಂಗಿನಲ್ಲಿ ಈ ಇನ್‌ಪುಟ್ಟನ್ನು ಆಕ್ಟಿವ್ ಲೋ ಮಾಡಿ, ಅಂದರೆ ವೋಲ್ಟೇಜ್ ಇಳಿದಾಗ ಆನ್.

ಒಂದು ತಮಾಷೆ ಇದೆ. ಹಲವು ಗಾಡಿಗಳಲ್ಲಿ ಬ್ರೇಕ್ ಆಯಿಲ್ ಕಡಿಮೆಯಾದರೂ ಇದೇ ದೀಪ ಹತ್ತುತ್ತದೆ, ವೈರು ಒಂದೇ. ಓಡುವ ಜೀಪಿನಲ್ಲಿ ರಿಪೀಟರ್ ತಾನೇ ಆನ್ ಆಗಿ ಬಂದ್ ಆಗುತ್ತಿದ್ದರೆ ರೇಡಿಯೋ ಬಿಚ್ಚಬೇಡಿ. ಬಾನೆಟ್ ತೆಗೆದು ಬ್ರೇಕ್ ಆಯಿಲ್ ಡಬ್ಬಿ ನೋಡಿ.

ಇಷ್ಟೆಲ್ಲ ಚಂದ ಮಾಡಿ ಕೊಟ್ಟೆ. ವಾರದೊಳಗೆ ಫೋನ್ ಬಂತು: "ಸರ, ರಿಪೀಟರ್ ಚಾಲೂನ ಆಗವಲ್ದುರೀ." ಹೋಗಿ ನೋಡಿದರೆ ಡ್ರೈವರ್ ಹ್ಯಾಂಡ್‌ಬ್ರೇಕನ್ನೇ ಎಳೆದಿಲ್ಲ. ಯಾಕಪ್ಪ ಅಂದರೆ, "ಇಲ್ಲಿ ಎಲ್ಲಿ ಇಳಕಲೈತ್ರೀ, ಗೇರಿನ್ಯಾಗ ಹಾಕಿ ಇಳಿತೇವ್ರಿ" ಅಂದ. ಅವನ ಮಾತು ಖರೆ. ಮುಧೋಳ, ಜಮಖಂಡಿ ಕಡೆಯ ಕಪ್ಪು ನೆಲ ಸಪಾಟು. ಜಾಂಬೋಟಿ, ಖಾನಾಪುರದ ಘಾಟಿನಲ್ಲಿ ಓಡಿಸುವವನಾದರೆ ಕೈ ತಾನೇ ಬ್ರೇಕಿಗೆ ಹೋಗುತ್ತದೆ. ಈಗ ನಾನು ಈ ಕಡೆಯ ಜೀಪುಗಳಿಗೆಲ್ಲ ಡ್ಯಾಶ್‌ಬೋರ್ಡಿನಲ್ಲಿ ಒಂದು ಟಾಗಲ್ ಸ್ವಿಚ್ ಹಾಕುತ್ತೇನೆ, ಪಕ್ಕದಲ್ಲಿ ಹಸಿರು ಎಲ್‌ಇಡಿ. ಸ್ವಿಚ್ ಅದೇ ಇನ್‌ಪುಟ್ಟನ್ನು ಅರ್ಥ್‌ಗೆ ಹಚ್ಚುತ್ತದೆ, ಡಯೋಡೂ ಬೇಡ. ಎಲ್‌ಇಡಿಗೆ 1 ಕಿಲೋ ಓಮ್ ರೆಸಿಸ್ಟರ್ ಸರಣಿಯಲ್ಲಿ.

ಕೀಲಿಯ ಜೊತೆ ಆನ್ ಆಗುವ ಇಗ್ನಿಷನ್ ಸೆನ್ಸ್ ವೈರಿದ್ದರೆ, ಫ್ಯೂಸ್ ಬಾಕ್ಸಿನಲ್ಲಿ ಕೀಲಿ ತಿರುಗಿಸಿದಾಗ ಮಾತ್ರ ಜೀವ ಬರುವ ಜಾಗದಿಂದ 1 ಆಂಪಿಯರ್ ಫ್ಯೂಸ್ ಹಾಕಿ ತನ್ನಿ. ಆದರೆ ಎಂಜಿನ್ ಬಂದ್ ಮಾಡಿ ದಿನವಿಡೀ ನಿಲ್ಲುವ ಜೀಪಿಗೆ ಈ ಸೌಲಭ್ಯ ಆಗಿಬರುವುದಿಲ್ಲ. ಹಾಕಲೇಬೇಕು ಅಂದರೆ ಕೀಲಿ ತೆಗೆದ ಮೇಲೂ ಹಲವು ತಾಸು ಓಡುವ ಟೈಮರ್ ಜೊತೆ ಹಾಕಿ.

ತಡದ ಸೆಟ್ಟಿಂಗುಗಳು: "ಹನ್" ಎಲ್ಲಿ ಹೋಯಿತು

ಫೀಲ್ಡ್‌ಮನ್ ಗುಂಡಿ ಒತ್ತಿದಾಗ ಏನೇನಾಗುತ್ತದೆ ನೋಡಿ. ವಾಕಿ ಏಳಬೇಕು. ರಿಪೀಟರ್ ಅದರ ಸಬ್‌ಟೋನ್ ಗುರುತಿಸಬೇಕು, ಇದಕ್ಕೆ ಸುಮಾರು ಕಾಲು ಸೆಕೆಂಡ್. ಆಮೇಲೆ ಗಾಡಿ ಸೆಟ್ ಏಳಬೇಕು. ಬೇಸ್ ಗಾಡಿ ಸೆಟ್ಟಿನ ಸಬ್‌ಟೋನ್ ಗುರುತಿಸಬೇಕು, ಮತ್ತೆ ಕಾಲು ಸೆಕೆಂಡ್. ಎಲ್ಲ ಸರಿ ಇದ್ದರೂ ಅರ್ಧ ಸೆಕೆಂಡ್ ಹೋಯಿತು. ಇದರ ಮೇಲೆ ನಾನು ಹಾಕಿದ್ದು ಆಂಟಿ-ಕರ್ಚಂಕ್ ಅನ್ನುವ ಸೌಲಭ್ಯ. ಯಾರೋ ಸುಮ್ನೆ ಗುಂಡಿ ಒತ್ತಿ ಬಿಟ್ಟರೆ, ಅಥವಾ ಗದ್ದಲದ ಸಿಗ್ನಲ್ ಕ್ಷಣ ಬಂದು ಹೋದರೆ, ರಿಪೀಟರ್ ಏಳಬಾರದು ಅಂತ ಇರುವುದು ಅದು. ಸಿಗ್ನಲ್ ಇಂತಿಷ್ಟು ಹೊತ್ತು ನಿಂತರೆ ಮಾತ್ರ ಏಳು ಅನ್ನುತ್ತದೆ. ನಾನು ಅದನ್ನು 500 ಮಿಲಿಸೆಕೆಂಡಿಗೆ ಇಟ್ಟಿದ್ದೆ. ಒಟ್ಟು ಒಂದು ಸೆಕೆಂಡ್. ಫೀಲ್ಡ್‌ಮನ್ ಒತ್ತಿ, ಅರೆಕ್ಷಣ ಬಿಟ್ಟು ಮಾತಾಡಿದ್ದ. ಅದು ಸಾಲಲಿಲ್ಲ. "ಹನ್ನೆರಡು" ಹೋಗಿ "ಎರಡು" ಉಳಿಯಿತು. ನಮ್ಮ ಎಣಿಕೆಯ ಗುಣ ಇದು. ಹದಿನಾಲ್ಕರ ತಲೆ ಹೋದರೆ ನಾಲ್ಕು, ಹದಿನೈದರದ್ದು ಹೋದರೆ ಐದು. ಎಲ್ಲವೂ ನಂಬುವಂಥ ಅಂಕಿಗಳೇ, ಯಾರಿಗೂ ಅನುಮಾನ ಬರುವುದಿಲ್ಲ.

ಹೀಗೆ ಮಾಡಿ:

ಆಂಟಿ-ಕರ್ಚಂಕ್ ಸೊನ್ನೆಗೆ ತನ್ನಿ. ಗದ್ದಲ ತಡೆಯುವ ಕೆಲಸವನ್ನು ಸಬ್‌ಟೋನೇ ಮಾಡುತ್ತದೆ.

ಸಬ್‌ಟೋನ್ ಆರಿಸುವಾಗ ತೀರ ಕೆಳಗಿನದ್ದು ಬೇಡ. 67.0 ಹರ್ಟ್ಸ್ ಗುರುತಿಸಲು 127.3ಕ್ಕಿಂತ ಜಾಸ್ತಿ ಹೊತ್ತು ಬೇಕು, ಅಲೆಗಳೇ ನಿಧಾನ ಅಲ್ವಾ. 100.0 ಕೂಡ ಬೇಡ. ನಮ್ಮ ಮನೆ ಕರೆಂಟು 50 ಹರ್ಟ್ಸ್. ಬೇಸಿನ ಪವರ್ ಸಪ್ಲೈಯ ಗುಂಯ್‌ಗುಟ್ಟುವಿಕೆ ಸರಿಯಾಗಿ 100 ಹರ್ಟ್ಸ್‌ಗೆ ಬರುತ್ತದೆ. 151.4 ಕೂಡ 150ರ ಪಕ್ಕದಲ್ಲೇ ಇದೆ. ನಾನು 127.3 ಮತ್ತು 141.3 ಬಳಸುತ್ತೇನೆ.

ವಾಕಿಗಳ ಬ್ಯಾಟರಿ ಸೇವ್ ಬಂದ್ ಮಾಡಿ, ಇಲ್ಲವೇ ಕನಿಷ್ಠಕ್ಕೆ ಇಡಿ. ಅದು ಆನ್ ಇದ್ದರೆ ವಾಕಿಯ ಕಿವಿ ತೂಕಡಿಸುತ್ತ ಇರುತ್ತದೆ, ಬೇಸಿನಿಂದ ಬಂದ ಮಾತಿನ ತಲೆಯೂ ಹೋಗುತ್ತದೆ.

ಕೊನೆಯ ಬೀಪ್ ಆನ್ ಮಾಡಿ. ಗುಂಡಿ ಬಿಟ್ಟ ಕೂಡಲೇ ರಿಪೀಟರ್ ವಾಕಿಗೆ ಒಂದು ಸಣ್ಣ ಬೀಪ್ ಕಳಿಸುತ್ತದೆ. ಬೀಪ್ ಬಂದರೆ ಜೀಪಿನ ತನಕ ಮುಟ್ಟಿದೆ ಅಂತ ಅರ್ಥ, ಕಾರ್ಖಾನೆ ತನಕ ಅಂತ ಅಲ್ಲ. ಇದನ್ನು ಬಳಸುವವರಿಗೆ ಬಿಡಿಸಿ ಹೇಳಿ.

ಇಷ್ಟಾದರೂ ಅರ್ಧ ಸೆಕೆಂಡ್ ಉಳಿದೇ ಇರುತ್ತದೆ. ಅದಕ್ಕೆ ವೈರಿನಲ್ಲಿ ಔಷಧಿ ಇಲ್ಲ. ಕರೆಯುವಾಗ ಮೊದಲು "ಗೇಟ್, ಗೇಟ್" ಅನ್ನಲು ಕಲಿಸಿದೆವು. ಒಂದು "ಗೇಟ್" ಹೋದರೆ ಹೋಗಲಿ. ಅಂಕಿ ಬಂದಾಗ "ಒಂದು ಎರಡು, ಹನ್ನೆರಡು" ಅಂತ ಬಿಡಿಸಿ ಹೇಳುವುದು. ಯಾರ್ಡಿನವನು ಅದನ್ನೇ ತಿರುಗಿ ಹೇಳುವುದು.

ಒಂದೇ ಹೊಲಕ್ಕೆ ಎರಡು ಜೀಪು

ಒಂದು ಜೀಪು ಇರುವ ತನಕ ಎಲ್ಲ ಸುಖ. ಎರಡನೆಯದು ಬಂದು ಪಕ್ಕದಲ್ಲಿ ನಿಂತ ಕೂಡಲೇ ಜಗಳ ಶುರು. ಒಬ್ಬ ವಾಕಿ ಒತ್ತಿದರೆ ಎರಡೂ ರಿಪೀಟರ್ ಹಿಡಿಯುತ್ತವೆ, ಎರಡೂ ಗಾಡಿ ಸೆಟ್ ಒಟ್ಟಿಗೆ ಕೂಗುತ್ತವೆ. ಬೇಸಿನಲ್ಲಿ ಸಿಳ್ಳೆ ಬಿಟ್ಟು ಬೇರೇನೂ ಕೇಳುವುದಿಲ್ಲ. ಇನ್ನೊಂದು ರೋಗವೂ ಇದೆ. ಬೇಸ್ ಮಾತು ಮುಗಿಸಿದಾಗ ಒಂದು ರಿಪೀಟರ್ ತುಸು ಮೊದಲು ನಿಲ್ಲುತ್ತದೆ. ಅದಕ್ಕೆ ಇನ್ನೊಂದರ ಬಾಲ ಕೇಳಿಸುತ್ತದೆ. ಯಾವುದೋ ವಾಕಿ ಅಂದುಕೊಂಡು ಅದನ್ನು ಬೇಸಿಗೆ ಕಳಿಸುತ್ತದೆ. ಹೀಗೆ ಎರಡೂ ಚೆಂಡಾಟ ಆಡುತ್ತವೆ.

ಚೆಂಡಾಟಕ್ಕೆ ಮದ್ದು ಸುಲಭ. ರಿಪೀಟರ್ ಕೇಳುವ ಸಬ್‌ಟೋನ್ ಮತ್ತು ಕಳಿಸುವ ಸಬ್‌ಟೋನ್ ಬೇರೆ ಇಡಿ. ವಾಕಿ 127.3 ಕಳಿಸಲಿ, ರಿಪೀಟರ್ 127.3 ಮಾತ್ರ ಕೇಳಲಿ. ರಿಪೀಟರ್ ಕಳಿಸುವಾಗ 141.3 ಹಾಕಲಿ. ಆಗ ಒಂದು ರಿಪೀಟರಿನ ಧ್ವನಿಗೆ ಇನ್ನೊಂದು ಕಿವಿ ಕೊಡುವುದಿಲ್ಲ. ಇಲ್ಲಿ ಒಂದು ಹಳ್ಳ ಇದೆ, ಬೀಳಬೇಡಿ. ವಾಕಿಗೆ 141.3 ಮಾತ್ರ ಕೇಳು ಅಂತ ಹಾಕಿದರೆ ಪಕ್ಕದ ವಾಕಿಯ ಮಾತು ಅದಕ್ಕೆ ಕೇಳುವುದಿಲ್ಲ, ಅದು 127.3 ತಾನೆ. ಅದಕ್ಕೆ ವಾಕಿಯ ಕೇಳುವ ಸಬ್‌ಟೋನ್ ಬಂದ್ ಇಡಿ. ಸ್ವಲ್ಪ ಗೊರಗೊರ ಬರಬಹುದು, ತಡೆದುಕೊಳ್ಳಬಹುದು.

ಸಿಳ್ಳೆಗೆ ಮದ್ದು ಎರಡು ತರ. ಒಳ್ಳೆಯ ರಿಪೀಟರುಗಳಲ್ಲಿ ಪ್ರಯಾರಿಟಿ ಅನ್ನುವ ಸೌಲಭ್ಯ ಇರುತ್ತದೆ. ಹೊಸ ಜೀಪು ಬಂದು ಆನ್ ಆದಾಗ ಅದು ಗಾಳಿಯಲ್ಲಿ ಒಂದು ಸಣ್ಣ ಟೋನ್ ಬಿಡುತ್ತದೆ. ಮೊದಲೇ ಇದ್ದವು ಅದನ್ನು ಕೇಳಿ ತಮ್ಮ ಸರದಿ ಎಣಿಸಿಕೊಳ್ಳುತ್ತವೆ. ಒಂದೇ ಒಂದು ಕೆಲಸ ಮಾಡುತ್ತದೆ, ಉಳಿದವು ಕಾಯುತ್ತವೆ. ಅದು ಹೊರಟು ಹೋದರೆ ಮುಂದಿನದು ಜಾಗ ಹಿಡಿಯುತ್ತದೆ. ಇದು ನಡೆಯಬೇಕಾದರೆ ಎಲ್ಲ ಜೀಪಿನಲ್ಲೂ ಒಂದೇ ಮಾದರಿಯ ರಿಪೀಟರ್, ಒಂದೇ ಸೆಟ್ಟಿಂಗ್ ಇರಬೇಕು. ನಮ್ಮ ಕಾರ್ಖಾನೆಯಲ್ಲಿ ಮೂರು ಜೀಪಿಗೆ ಮೂರು ಮಾದರಿ. ಹಾಗಾಗಿ ಬಡವರ ದಾರಿ ಹಿಡಿದೆವು. ಒಂದೊಂದು ಜೀಪಿಗೆ ಒಂದೊಂದು ಸಬ್‌ಟೋನ್, ವಾಕಿಯಲ್ಲಿ ಒಂದನೇ ಚಾನೆಲ್ ಒಂದನೇ ಜೀಪು, ಎರಡನೇ ಚಾನೆಲ್ ಎರಡನೇ ಜೀಪು. ಫ್ರೀಕ್ವೆನ್ಸಿ ಒಂದೇ. ಜೀಪಿನ ಬಾಗಿಲಿನ ಮೇಲೆ ಅಂಕಿಯನ್ನು ದೊಡ್ಡದಾಗಿ ಬರೆಸಿದ್ದೇವೆ. ಒಂದು ಪೈಸೆ ಖರ್ಚಿಲ್ಲ, ಇವತ್ತಿಗೂ ಚೆನ್ನಾಗಿದೆ.

ಸಣ್ಣಪುಟ್ಟವು

ಟೈಮ್‌ಔಟ್ ಟೈಮರ್ ಹಾಕಲೇಬೇಕು. ಯಾರಾದರೂ ವಾಕಿಯನ್ನು ಸೀಟಿನ ಸಂದಿಗೆ ಹಾಕಿ ಗುಂಡಿ ಒತ್ತಿಕೊಂಡು ಕೂತರೆ ಇಡೀ ಚಾನೆಲ್ ಬಂದ್. ರಿಪೀಟರಿನಲ್ಲಿ 60 ಸೆಕೆಂಡ್ ಇಡಿ. ಗಾಡಿ ಸೆಟ್ಟಿನ ಟೈಮರ್ ಇದಕ್ಕಿಂತ ದೊಡ್ಡದಿರಲಿ. ಉಲ್ಟಾ ಇದ್ದರೆ ಗಾಡಿ ಸೆಟ್ ಮೊದಲು ನಿಲ್ಲುತ್ತದೆ, ರಿಪೀಟರಿಗೆ ಅದು ಗೊತ್ತೇ ಆಗುವುದಿಲ್ಲ.

ಹಾರ್ನ್ ಕರೆ. ಬೇಸಿನವರು ಗೊತ್ತಾದ ಟೋನ್ ಕಳಿಸಿದರೆ ಜೀಪಿನ ಹಾರ್ನ್ ಹೊಡೆಯುವ ಸೌಲಭ್ಯ. ಹೊಲದ ಒಳಗೆ ಹೋದವನನ್ನು ಕರೆಯಲು ಚೆನ್ನ. ರಿಪೀಟರಿನ ಔಟ್‌ಪುಟ್ ಹಾರ್ನನ್ನು ನೇರ ಹೊರುವುದಿಲ್ಲ, ನಡುವೆ ಗಾಡಿ ರಿಲೇ ಬೇಕು. ರಿಲೇಯ 86ನೇ ಪಿನ್ನಿಗೆ ಫ್ಯೂಸ್ ದಾಟಿದ 12 ವೋಲ್ಟ್, 85ಕ್ಕೆ ರಿಪೀಟರಿನ ಔಟ್‌ಪುಟ್. 30 ಮತ್ತು 87ನ್ನು ಹಾರ್ನ್ ಸ್ವಿಚ್ಚಿಗೆ ಸಮಾನಾಂತರ ಹಚ್ಚಿ. ಕಾಯಿಲಿನ ಮೇಲೆ 1ಎನ್4007 ಡಯೋಡ್, ಪಟ್ಟಿ 86ರ ಕಡೆ. ಇದನ್ನು ಮರೆತರೆ ರಿಲೇ ಬಿಡುವಾಗ ಬರುವ ಒದೆತಕ್ಕೆ ರಿಪೀಟರಿನ ಟ್ರಾನ್ಸಿಸ್ಟರ್ ಹೋಗುತ್ತದೆ. ಕಾಯಿಲಿಗೆ ಸುಮಾರು 150 ಮಿಲಿಆಂಪಿಯರ್ ಬೇಕು, ಅಷ್ಟನ್ನು ಔಟ್‌ಪುಟ್ ಎಳೆಯಬಲ್ಲದೇ ಅಂತ ಹಾಳೆಯಲ್ಲಿ ಮೊದಲೇ ನೋಡಿ. ಹಾರ್ನ್ ಎರಡು ಸೆಕೆಂಡಿಗೆ ನಿಲ್ಲುವ ಹಾಗೆ ಟೈಮರ್ ಇಡಿ. ಬಂಡಿಗೆ ಕಟ್ಟಿದ ಎತ್ತು ಪಕ್ಕದಲ್ಲಿದ್ದರೆ ಅದಕ್ಕಿಂತ ಜಾಸ್ತಿ ಒಳ್ಳೆಯದಲ್ಲ.

ಲೋಕಲ್ ಮೋಡ್. ಜೀಪಿನ ಮೈಕಿನಿಂದ ವಾಕಿಗಳ ಜೊತೆ ಮಾತ್ರ ಮಾತಾಡುವುದು, ಬೇಸಿಗೆ ಹೋಗದ ಹಾಗೆ. ಮೈಕಿನ ಪಿಟಿಟಿ ಮತ್ತು ಧ್ವನಿಯ ಎರಡು ವೈರು ಹೆಚ್ಚಿಗೆ ಬೇಕು. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಒಟ್ಟಿಗೆ ಉಕ್ಕಿದಂಥ ಹೊತ್ತಿನಲ್ಲಿ ಬೇಸಿಗೇ ಕರೆಂಟು ಇಲ್ಲದಿದ್ದರೂ ಜೀಪಿನ ಸುತ್ತ ಇರುವ ಜನ ಒಬ್ಬರಿಗೊಬ್ಬರು ಸಿಗುತ್ತಾರೆ. ನದಿ ದಂಡೆಯ ಗಾಡಿಗೆ ಇದನ್ನು ಬಿಡಬೇಡಿ.

ಡಿಟಿಎಂಎಫ್ ಗುಂಡಿಯಿಂದ (ಅಂಕಿ ಒತ್ತಿದರೆ ಟೋನ್ ಕಳಿಸುವ ಕೀಪ್ಯಾಡ್) ದೂರದಲ್ಲೇ ಆನ್-ಆಫ್ ಮಾಡುವ ಸೌಲಭ್ಯ ನಾನು ಹಾಕುವುದಿಲ್ಲ. ಯಾರು ಯಾವಾಗ ಬಂದ್ ಮಾಡಿದರು ಅಂತ ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತದೆ.

ಹೊಲದಲ್ಲಿ ಪರೀಕ್ಷೆ

ಕಾರ್ಖಾನೆಯ ಅಂಗಳದಲ್ಲಿ ಎಲ್ಲವೂ ನಡೆಯುತ್ತದೆ. ಜೀಪನ್ನು ದೂರದ ಹೊಲಕ್ಕೆ ಒಯ್ಯಿರಿ. ವಾಕಿ ಹಿಡಿದು ಕಬ್ಬಿನೊಳಗೆ ನಡೆಯಿರಿ, ಧ್ವನಿ ಗೊರಗೊರ ಶುರುವಾಗುವ ತನಕ. ಆ ಜಾಗದಲ್ಲಿ ನಿಂತು ಮಾತಾಡಿ. ಜೀಪಿನಲ್ಲಿ ಒಬ್ಬ, ಗಾಡಿ ಸೆಟ್ಟನ್ನು ಮೊದಲು ಕಡಿಮೆ ಪವರಿಗೆ, ಆಮೇಲೆ ಪೂರ್ತಿ ಪವರಿಗೆ ಇಟ್ಟು ನೋಡಲಿ. ಪೂರ್ತಿ ಪವರಿನಲ್ಲಿ ನಿಮ್ಮ ಮಾತು ಕಡಿದು ಕಡಿದು ಹೋದರೆ ಗಾಡಿ ಸೆಟ್ ರಿಪೀಟರಿನ ಕಿವಿ ಮುಚ್ಚುತ್ತಿದೆ. ಆಂಟೆನಾ ಇನ್ನಷ್ಟು ದೂರ ಸರಿಸಿ. ಕೇಬಲ್ ಕನೆಕ್ಟರ್ ಬಿಗಿಯಾಗಿದೆಯೇ ನೋಡಿ. ಮೂರು ಪಟ್ಟಿನ ಲೆಕ್ಕ ಮತ್ತೆ ಹಾಕಿ. ಅದೂ ಸರಿ ಇದ್ದರೆ ಕಡಿಮೆ ಪವರಿನಲ್ಲೇ ಬೇಸ್ ಸಿಗುತ್ತದೆಯೇ ಕೇಳಿ. ಸಿಕ್ಕರೆ ಹಾಗೇ ಬಿಡಿ, ಬ್ಯಾಟರಿಯೂ ಉಳಿಯುತ್ತದೆ.

ಆಮೇಲೆ ಅಂಕಿಗಳ ಪರೀಕ್ಷೆ. ಒಬ್ಬ ಹೊಲದಿಂದ ಹನ್ನೊಂದರಿಂದ ಹತ್ತೊಂಬತ್ತರ ತನಕ ಹಿಂದೆ ಮುಂದೆ ಮಾಡಿ, ಒಂದೊಂದಕ್ಕೂ ಬೇರೆ ಬೇರೆಯಾಗಿ ಗುಂಡಿ ಒತ್ತಿ ಹೇಳಲಿ. ಯಾರ್ಡಿನವನು ಕೇಳಿದ್ದನ್ನು ಕಾಗದದ ಮೇಲೆ ಬರೆಯಲಿ. ಸಂಜೆ ಎರಡೂ ಚೀಟಿ ತಾಳೆ ನೋಡಿ. ಒಂದು ಅಂಕಿ ತಪ್ಪಿದ್ದರೂ ತಡದ ಸೆಟ್ಟಿಂಗಿಗೆ ವಾಪಸ್ ಹೋಗಿ.

ಎಲ್ಲ ಕೂಡಿದ ಮೇಲೆ ಲ್ಯಾಪ್‌ಟಾಪಿನಲ್ಲಿ ಸೆಟ್ಟಿಂಗಿನ ಫೈಲನ್ನು ಜೀಪಿನ ನಂಬರ್ ಮತ್ತು ತಾರೀಖು ಹಾಕಿ ಉಳಿಸಿ. ವೈರಿನ ಬಣ್ಣ, ಯಾವ ಪಿನ್ನಿಗೆ ಯಾವುದು, ಫ್ಯೂಸ್ ಎಲ್ಲಿದೆ ಅಂತ ಒಂದು ಹಾಳೆಯಲ್ಲಿ ಬರೆದು, ಲ್ಯಾಮಿನೇಟ್ ಮಾಡಿಸಿ, ಸೀಟಿನ ಕೆಳಗೆ ರಿಪೀಟರಿನ ಮೇಲೆಯೇ ಅಂಟಿಸಿ. ಮುಂದಿನ ಹಂಗಾಮಿಗೆ ಅದನ್ನು ಬಿಚ್ಚುವವರು ಬೇರೆ ಯಾರೋ ಆಗಿರುತ್ತಾರೆ.